ಆಕಾರವಿಲ್ಲದ ಪ್ರೋಟೀನು ಹೊತ್ತು ಕಾಯುವ ಬಗೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಊರುಗಳಿಗೆ ಹಗಲು ಯಾವುದು, ರಾತ್ರಿ ಯಾವುದು ಎಂಬುದೇ ಮರೆತುಹೋಗುತ್ತದೆ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ, ಕಾಗವಾಡ ತಾಲೂಕಿನ ಉಗಾರ ಖುರ್ದದ ಉಗಾರ ಶುಗರ್ಸ್ ಹೀಗೆ ಒಂದೊಂದು ಕಾರ್ಖಾನೆಯ ಮುಂದೂ ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು. ರಾಯಬಾಗದ ಕಡೆಯ ಹೊಲದಲ್ಲಿ ಗ್ಯಾಂಗಿನವರು ನಸುಕಿನಲ್ಲೇ ಕೊಯ್ತೆ ಹಿಡಿದು ನಿಂತಿರುತ್ತಾರೆ. ಕಬ್ಬು ಗಾಡಿ ಹತ್ತಿ ಹೋದ ಮೇಲೆ ಹೊಲದಲ್ಲಿ ಉಳಿಯುವುದು ಮೊಣಕಾಲುದ್ದದ ರವದಿ. ಅದನ್ನು ಕೊಳೆಸಿ ಗೊಬ್ಬರ ಮಾಡಿರೆಂದು ಕೃಷಿ ಇಲಾಖೆ ಹೇಳುತ್ತಲೇ ಇರುತ್ತದೆ. ಕೂಳೆಗೆ ನೀರು ಹಾಯಿಸುವ ಅವಸರದಲ್ಲಿರುವ ರೈತ ಒಂದು ಕಡ್ಡಿ ಗೀರಿ ಕೆಲಸ ಮುಗಿಸುತ್ತಾನೆ.

ಬೆಂಕಿ ಆರಿ ಕೆಲವು ದಿನಗಳಾದ ಮೇಲೆ, ಅರೆಸುಟ್ಟ ಕಬ್ಬಿನ ಬುಡದಲ್ಲಿ ಕೇಸರಿ ಬಣ್ಣದ ಹುಡಿಯೊಂದು ಕಾಣಿಸಿಕೊಳ್ಳಬಹುದು. ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಊದಿದರೆ ಗಾಳಿಗೆ ಹಾರುತ್ತದೆ. ಬೆಚ್ಚಗಿನ ನಾಡುಗಳಲ್ಲಿ ಸುಟ್ಟ ಕಬ್ಬಿನ ಹೊಲ ಇದಕ್ಕೆ ತೌರುಮನೆ. ಹೆಸರು ನ್ಯೂರೋಸ್ಪೋರಾ, ಜಾತಿಯಿಂದ ಬೂಷ್ಟು.

ಈ ಬೂಷ್ಟಿನ ಬೀಜಕಣಗಳಿಗೆ ಬೆಂಕಿಯೇ ಮಳೆ. ಮಣ್ಣಿನಲ್ಲಿ ನಿದ್ದೆ ಹೋದಂತೆ ಬಿದ್ದಿರುವ ಕಪ್ಪು ಕಣಗಳು ಕಾವು ತಾಗಿದ ಮೇಲೆಯೇ ಮೊಳೆಯುತ್ತವೆ. ಪ್ರಯೋಗಾಲಯದಲ್ಲೂ ಅವನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅರ್ಧ ಗಂಟೆಯಷ್ಟು ಇಟ್ಟೇ ಎಬ್ಬಿಸಬೇಕು. ಸುಟ್ಟ ಜಲ್ಲೆಯ ಸಿಹಿರಸ ಅವಕ್ಕೆ ಊಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರಜ್ಞ ರಮೇಶ್ ಮಾಹೇಶ್ವರಿ ಇದನ್ನು ಗಾಜಿನ ನಳಿಕೆಯಲ್ಲಿ ನೋಡಿದ್ದು ಸಾಲದೆಂದು ಮದ್ದೂರು ಭಾಗದ ಕಬ್ಬಿನ ಗದ್ದೆಗೇ ಇಳಿದರು. ಅನುರಾಧಾ ಪಂಡಿತ್ ಜೊತೆ ಅವರು ಬರೆದ, ಕಬ್ಬಿನ ಗದ್ದೆಯಲ್ಲಿ ನ್ಯೂರೋಸ್ಪೋರಾದ ಜೀವನಚರಿತ್ರೆಯನ್ನು ಹೇಳುವ ಪ್ರಬಂಧ 1996ರಲ್ಲಿ ‘ಜರ್ನಲ್ ಆಫ್ ಬಯೋಸೈನ್ಸಸ್’ನಲ್ಲಿ ಪ್ರಕಟವಾಯಿತು. ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಸಾಕಿದ್ದ ಜೀವಿಯೊಂದು ತನ್ನ ಸ್ವಂತ ಮನೆಯಲ್ಲಿ ಹೇಗೆ ಬದುಕುತ್ತದೆ ಎಂದು ಕೇಳುವ ಕೆಲಸ ನಡೆದದ್ದು ಕರ್ನಾಟಕದ ಕಬ್ಬಿನ ಹೊಲದಲ್ಲಿ.

ಹಾಗಂತ ಬೂಷ್ಟು ನೋಡುವ ಆಸೆಗೆ ರವದಿ ಸುಡಬೇಕಾಗಿಲ್ಲ. ಈ ಲೇಖನಕ್ಕೆ ಬೇಕಾದದ್ದು ಅದರ ಬಣ್ಣವೂ ಅಲ್ಲ, ಅದರೊಳಗಿನ ಗಡಿಯಾರ.

ಆ ಗಡಿಯಾರವನ್ನು ಕಣ್ಣಾರೆ ನೋಡಬಹುದು. ಎರಡೂ ತುದಿ ಮೇಲಕ್ಕೆ ಬಾಗಿದ ಉದ್ದನೆಯ ಗಾಜಿನ ಕೊಳವೆಯ ತಳಕ್ಕೆ ಆಹಾರ ಬೆರೆಸಿದ ಅಗರ್ ಹಾಸಿ, ಒಂದು ತುದಿಗೆ ಬೂಷ್ಟನ್ನು ಹಚ್ಚಿ ಕತ್ತಲೆಯಲ್ಲಿಡುತ್ತಾರೆ. ಬೂಷ್ಟು ಇನ್ನೊಂದು ತುದಿಯತ್ತ ತೆವಳುತ್ತದೆ. ಸ್ವಲ್ಪ ದೂರ ಬೋಳು ಎಳೆ, ಆಮೇಲೆ ಕೇಸರಿ ಹುಡಿಯ ದಟ್ಟ ಪಟ್ಟೆ, ಮತ್ತೆ ಬೋಳು, ಮತ್ತೆ ಪಟ್ಟೆ. ಪಟ್ಟೆಯಿಂದ ಪಟ್ಟೆಗೆ ಸುಮಾರು 22 ಗಂಟೆ. ಸೂರ್ಯ ಕಾಣುವುದಿಲ್ಲ, ದೀಪವಿಲ್ಲ, ಕೋಳಿ ಕೂಗುವುದಿಲ್ಲ, ಆದರೂ ಲೆಕ್ಕ ತಪ್ಪುವುದಿಲ್ಲ. ಇದು ಭೂಮಿ ತಿರುಗುವ ಯಾವುದೋ ಸೂಕ್ಷ್ಮ ಸುಳಿವಿನಿಂದ ಆಗುತ್ತಿರಬಹುದೇ ಎಂಬ ಅನುಮಾನ ಕೆಲವರಿಗೆ ಇದ್ದೇ ಇತ್ತು. 1983ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಇಂಥ ಕೊಳವೆಗಳನ್ನು ಬಾಹ್ಯಾಕಾಶಕ್ಕೆ ಒಯ್ದರು. ಅಲ್ಲೂ ಪಟ್ಟೆ ಬಂದವು.

1973ರಲ್ಲಿ ಅಮೆರಿಕದ ಜೆರ್ರಿ ಫೆಲ್ಡ್‌ಮನ್ ಮತ್ತು ಮರಿಯನ್ ಹಾಯ್ಲ್ ಹೊತ್ತು ತಪ್ಪಿದ ಬೂಷ್ಟುಗಳನ್ನು ಆರಿಸಿ ತೆಗೆದರು. ಹೀಗೆ ಸಿಕ್ಕ ತಳಿಗಳಲ್ಲಿ ಒಂದರ ದಿನಕ್ಕೆ 16 ಗಂಟೆ, ಆಮೇಲೆ ಸಿಕ್ಕ ಇನ್ನೊಂದರ ದಿನಕ್ಕೆ 29 ಗಂಟೆ. ಎರಡರಲ್ಲೂ ಕೆಟ್ಟಿದ್ದು ಒಂದೇ ಜೀನು. ಅದಕ್ಕೆ ‘ಫ್ರೀಕ್ವೆನ್ಸಿ’ ಎಂದು ಹೆಸರಾಯಿತು. 1989ರಲ್ಲಿ ಜೇ ಡನ್‌ಲಪ್ ಅವರ ತಂಡ ಆ ಜೀನನ್ನು ಬೇರ್ಪಡಿಸಿ ಹಿಡಿಯಿತು. ಅದು ಹೇಳಿಕೊಟ್ಟಂತೆ ಜೀವಕೋಶ ತಯಾರಿಸುವ ಪ್ರೋಟೀನಿಗೆ ಚಿಕ್ಕದಾಗಿ ‘ಎಫ್‌ಆರ್‌ಕ್ಯೂ’ ಎನ್ನುತ್ತಾರೆ. 989 ಅಮೈನೋ ಆಮ್ಲಗಳ ಉದ್ದನೆಯ ಎಳೆ.

ಗಡಿಯಾರದ ಮುಖ್ಯ ಭಾಗ ಸಿಕ್ಕಿತು ಎಂದ ಮೇಲೆ ಅದರ ಆಕಾರ ತಿಳಿಯಬೇಕಲ್ಲ? ತೊಡಕು ಶುರುವಾದದ್ದು ಅಲ್ಲಿಂದ. ಎಫ್‌ಆರ್‌ಕ್ಯೂಗೆ ಹೆಚ್ಚುಕಡಿಮೆ ಆಕಾರವೇ ಇಲ್ಲ.

ಪ್ರೋಟೀನೆಂದರೆ ಮಡಚಿ ಗಟ್ಟಿಯಾದ ಒಂದು ಆಕೃತಿ, ಆ ಆಕೃತಿಯೇ ಅದರ ಕೆಲಸ ಎಂಬುದು ಇಪ್ಪತ್ತನೆಯ ಶತಮಾನದ ಬಹುಭಾಗ ಜೀವರಸಾಯನಶಾಸ್ತ್ರದ ನಂಬಿಕೆಯಾಗಿತ್ತು. ನಮ್ಮವರೂ ಅದಕ್ಕೆ ದೊಡ್ಡ ಕೊಡುಗೆ ಕೊಟ್ಟರು. ಜಿ. ಎನ್. ರಾಮಚಂದ್ರನ್ ಮದ್ರಾಸಿನಲ್ಲಿದ್ದಾಗ 1963ರಲ್ಲಿ ಪ್ರಕಟಿಸಿದ ನಕ್ಷೆ, ಪ್ರೋಟೀನಿನ ಎಳೆ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂಬುದನ್ನು ಹೇಳುತ್ತದೆ. ಇವತ್ತಿಗೂ ಪಠ್ಯಪುಸ್ತಕಗಳಲ್ಲಿದೆ. ಮುಂದೆ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತಶಾಸ್ತ್ರ ವಿಭಾಗ ಕಟ್ಟಿದರು. ಆ ಕಾಲದಲ್ಲಿ ಹರಳುಗಟ್ಟದ, ಎಕ್ಸ್‌ರೇಗೆ ಸಿಕ್ಕದ ಪ್ರೋಟೀನನ್ನು ಕೆಟ್ಟ ಮಾದರಿಯೆಂದು ಪಕ್ಕಕ್ಕಿಡುತ್ತಿದ್ದರು. 1990ರ ದಶಕದ ಕೊನೆಗೆ ಪೀಟರ್ ರೈಟ್, ಜೇನ್ ಡೈಸನ್, ಕೀತ್ ಡಂಕರ್ ಮೊದಲಾದವರು ಪಕ್ಕಕ್ಕಿಟ್ಟದ್ದನ್ನೇ ಎತ್ತಿಕೊಂಡು ನೋಡಿದರು. ಅವು ಕೆಟ್ಟಿರಲಿಲ್ಲ, ಇರುವುದೇ ಹಾಗೆ. ಮನುಷ್ಯನ ಪ್ರೋಟೀನುಗಳಲ್ಲಿ ಮೂರನೇ ಒಂದು ಪಾಲಿನಷ್ಟಕ್ಕೆ ಇಂಥ ಸಡಿಲವಾದ ಉದ್ದ ತುಂಡುಗಳಿವೆ.

ಅಥಣಿಯ ಸಂತೆಯಲ್ಲಿ ಹಿರಿಯರ ತಲೆಯ ಮೇಲಿನ ರುಮಾಲನ್ನು ನೋಡಿ. ಬಿಚ್ಚಿಟ್ಟರೆ ಬರೀ ಉದ್ದನೆಯ ಅರಿವೆ, ಸುತ್ತಿದಾಗ ಅದಕ್ಕೊಂದು ರೂಪ, ಸುತ್ತುವವರು ಬದಲಾದರೆ ರೂಪವೂ ಬೇರೆ. ಎಫ್‌ಆರ್‌ಕ್ಯೂ ಇರುವುದು ಹೀಗೆ. ತನ್ನಷ್ಟಕ್ಕೆ ಅದು ಒಂದೆಡೆ ನಿಲ್ಲದ ಎಳೆ. ಯಾರ ಜೊತೆ ಸೇರಿದೆ, ಮೈಮೇಲೆ ಏನು ಅಂಟಿಕೊಂಡಿದೆ ಎಂಬುದರ ಮೇಲೆ ಅದರ ಆ ಹೊತ್ತಿನ ರೂಪ ನಿಲ್ಲುತ್ತದೆ.

ಈಗ ಅದರ ಒಂದು ದಿನವನ್ನು ಹತ್ತಿರದಿಂದ ನೋಡೋಣ. ರಾತ್ರಿ ಕಳೆಯುವ ಹೊತ್ತಿಗೆ ‘ವೈಟ್ ಕಾಲರ್’ ಎಂಬ ಜೋಡಿ ಪ್ರೋಟೀನು ಫ್ರೀಕ್ವೆನ್ಸಿ ಜೀನಿನ ಮೇಲೆ ಕೂತು ಅದನ್ನು ಚಾಲೂ ಮಾಡುತ್ತದೆ. ನೀಲಿ ಬೆಳಕನ್ನು ಗುರುತಿಸುವುದೂ ಇದೇ ಜೋಡಿಯಾದ್ದರಿಂದ ಬೂಷ್ಟು ಮುಂಜಾವಿಗೆ ತನ್ನ ಗಡಿಯಾರವನ್ನು ಸರಿಹೊಂದಿಸಿಕೊಳ್ಳಬಲ್ಲದು. ಕೆಲವು ಗಂಟೆಗಳಲ್ಲಿ ಎಫ್‌ಆರ್‌ಕ್ಯೂ ತುಂಬಿಕೊಳ್ಳುತ್ತದೆ. ಅದು ತನ್ನಂಥದೇ ಇನ್ನೊಂದರ ಜೊತೆ ಜೋಡಿಯಾಗಿ, ‘ಎಫ್‌ಆರ್‌ಎಚ್’ ಎಂಬ ಆಸರೆಯ ಪ್ರೋಟೀನನ್ನೂ ‘ಕೇಸಿನ್ ಕೈನೇಸ್-1’ ಎಂಬ ಕಿಣ್ವವನ್ನೂ ಕರೆದುಕೊಂಡು ಹೋಗಿ, ತನ್ನನ್ನು ಹುಟ್ಟಿಸಿದ ವೈಟ್ ಕಾಲರ್ ಜೋಡಿಯನ್ನೇ ತಡೆಯುತ್ತದೆ. ಹೊಸ ಎಫ್‌ಆರ್‌ಕ್ಯೂ ತಯಾರಾಗುವುದು ನಿಲ್ಲುತ್ತದೆ. ಆದರೆ ಜೊತೆಗೆ ಬಂದ ಕಿಣ್ವ ಸುಮ್ಮನಿರುವುದಿಲ್ಲ. ಸಡಿಲ ಎಳೆಯ ಉದ್ದಕ್ಕೂ ಒಂದೊಂದು ಜಾಗಕ್ಕೆ ಫಾಸ್ಫೇಟಿನ ಸಣ್ಣ ತುಣುಕನ್ನು ಅಂಟಿಸುತ್ತಾ ಹೋಗುತ್ತದೆ. ಹೀಗೆ ಅಂಟಿಸಲು ಜಾಗ ನೂರರ ಆಸುಪಾಸು ಇವೆ. ಮೊದಲು ಎಳೆಯ ಎರಡು ತುದಿಗಳು ವಿರುದ್ಧ ವಿದ್ಯುದಂಶಗಳಿಂದಾಗಿ ಒಂದಕ್ಕೊಂದು ಹತ್ತಿಕೊಂಡಿರುತ್ತವೆ. ಋಣ ಅಂಶದ ಫಾಸ್ಫೇಟು ಹೆಚ್ಚಿದಂತೆ ಅವು ಬಿಟ್ಟುಕೊಂಡು ಎಳೆ ತೆರೆದುಕೊಳ್ಳುತ್ತದೆ. ಸಂಜೆ ದಾಟಿ ರಾತ್ರಿಯಾಗುವಷ್ಟರಲ್ಲಿ ಫಾಸ್ಫೇಟಿನಿಂದ ಮೈತುಂಬಿದ ಎಫ್‌ಆರ್‌ಕ್ಯೂಗೆ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಕೋಶ ಅದನ್ನು ಒಡೆದುಹಾಕುತ್ತದೆ. ವೈಟ್ ಕಾಲರ್ ಮತ್ತೆ ಜೀನಿನ ಮೇಲೆ ಕೂರುತ್ತದೆ.

ಒಡೆದುಹಾಕುವುದೇ ಮುಖ್ಯ ಎಂದು ಬಹುಕಾಲ ನಂಬಿದ್ದರು. 2015ರಲ್ಲಿ ಲೂಯಿಸ್ ಲರೋಂಡೊ, ಡನ್‌ಲಪ್ ಮತ್ತು ಸಂಗಡಿಗರು ಒಡೆಯುವ ವ್ಯವಸ್ಥೆಯನ್ನೇ ತೆಗೆದುಹಾಕಿದ ಬೂಷ್ಟಿನಲ್ಲೂ ಗಡಿಯಾರ ಓಡುವುದನ್ನು ತೋರಿಸಿದರು. ಹೊತ್ತನ್ನು ಅಳೆಯುತ್ತಿದ್ದದ್ದು ಮೈಮೇಲಿನ ಫಾಸ್ಫೇಟಿನ ಲೆಕ್ಕ.

ಇಲ್ಲೊಂದು ಕುತೂಹಲದ ಸಂಗತಿ ಇದೆ. ಕಿಣ್ವಗಳು ಸಾಮಾನ್ಯವಾಗಿ ಕಣ್ಣೆವೆ ಇಕ್ಕುವುದರೊಳಗೆ ಕೆಲಸ ಮುಗಿಸುವಂಥವು. ಅಂಥ ಕಿಣ್ವವೊಂದು ದಿನವಿಡೀ ಎಳೆಯುವುದೇಕೆ? ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಮೈಕೆಲ್ ಬ್ರುನ್ನರ್ ಅವರ ತಂಡ 2022ರಲ್ಲಿ ಉತ್ತರ ಪ್ರಕಟಿಸಿತು. ಕೇಸಿನ್ ಕೈನೇಸ್-1 ಎಫ್‌ಆರ್‌ಕ್ಯೂನ ಒಂದು ಗೊತ್ತಾದ ಜಾಗಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಎಳೆಯ ಉಳಿದ ಭಾಗಗಳು ನೆಟ್ಟಗೆ ನಿಲ್ಲದೆ ಅಲ್ಲಾಡುತ್ತಾ ಆಗೊಮ್ಮೆ ಈಗೊಮ್ಮೆ ಅದರ ಬಾಯಿಗೆ ಸಿಗುತ್ತವೆ. ಸಿಕ್ಕ ಜಾಗಗಳೂ ಕಿಣ್ವಕ್ಕೆ ಅಷ್ಟಾಗಿ ಒಗ್ಗುವಂಥವಲ್ಲ. ಸಾಲದ್ದಕ್ಕೆ ಕಿಣ್ವ ತನ್ನನ್ನು ತಾನೇ ಆಗಾಗ ತಡೆದುಕೊಳ್ಳುತ್ತದೆ. ಹೀಗಾಗಿ ಅಷ್ಟೊಂದು ತುಣುಕು ಅಂಟಿ ಮುಗಿಯುವುದಕ್ಕೆ ಹಿಡಿಯುವ ಸಮಯ ದಿನದ ಅಳತೆಗೆ ಬರುತ್ತದೆ. ಎಳೆ ಗಟ್ಟಿಯಾಗಿ ಮಡಚಿಕೊಂಡಿದ್ದರೆ ಆ ಜಾಗಗಳು ಒಳಗೆ ಹುದುಗಿ ಕಿಣ್ವಕ್ಕೆ ಸಿಗುತ್ತಲೇ ಇರಲಿಲ್ಲ. ಸಡಿಲವಾಗಿರುವುದರಿಂದಲೇ ಸಿಗುತ್ತವೆ, ಸಡಿಲವಾಗಿರುವುದರಿಂದಲೇ ನಿಧಾನವಾಗಿ ಸಿಗುತ್ತವೆ.

ಅಂದಹಾಗೆ ಈ ಕಿಣ್ವದ ಹೆಸರಲ್ಲಿರುವ ಕೇಸಿನ್, ಹಾಲಿನ ಮುಖ್ಯ ಪ್ರೋಟೀನು. ಮೊದಮೊದಲು ಕಿಣ್ವವನ್ನು ಪರೀಕ್ಷಿಸಲು ಕೈಗೆ ಸುಲಭವಾಗಿ ಸಿಕ್ಕಿದ್ದು ಅದು. ಹಾಲಿನ ಕೇಸಿನ್‌ಗೂ ನಿಶ್ಚಿತ ಆಕಾರವಿಲ್ಲ. ಸಡಿಲ ಪ್ರೋಟೀನಿಗೆ ಚಿಕ್ಕೋಡಿಯ ಹಾಲಿನ ಡೇರಿಗಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಎಳೆ ಸರಿಯಾಗಿ ಕೆಲಸ ಮಾಡಬೇಕೆಂದರೆ ತಯಾರಾಗುವಾಗಲೂ ನಿಧಾನ ಬೇಕು. ಒಂದೇ ಅಮೈನೋ ಆಮ್ಲವನ್ನು ಸೂಚಿಸುವ ಹಲವು ಜೀನ್ ಸಂಕೇತಗಳಿರುತ್ತವೆ. ಕೆಲವನ್ನು ಕೋಶ ಸರಾಗವಾಗಿ ಓದುತ್ತದೆ, ಕೆಲವನ್ನು ತಡವರಿಸಿ ಓದುತ್ತದೆ. ಫ್ರೀಕ್ವೆನ್ಸಿ ಜೀನಿನಲ್ಲಿ ತಡವರಿಸುವಂಥವು ಹೆಚ್ಚು. ಟೆಕ್ಸಾಸಿನ ಯಿ ಲಿಯು ಅವರ ತಂಡ ಅವನ್ನು ಬದಲಿಸಿ ಸರಾಗ ಸಂಕೇತಗಳನ್ನು ಹಾಕಿ ನೋಡಿತು. ಅಮೈನೋ ಆಮ್ಲಗಳ ಸಾಲಿನಲ್ಲಿ ಒಂದೂ ವ್ಯತ್ಯಾಸವಿಲ್ಲ, ಪ್ರೋಟೀನು ಮೊದಲಿಗಿಂತ ಹೆಚ್ಚೇ ತಯಾರಾಯಿತು, ಗಡಿಯಾರ ಮಾತ್ರ ನಿಂತುಹೋಯಿತು. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇದು. ಅದೇ ವರ್ಷ ಜೆನಿಫರ್ ಹರ್ಲಿ, ಡನ್‌ಲಪ್ ಮೊದಲಾದವರು ಎಫ್‌ಆರ್‌ಎಚ್ ಏಕೆ ಬೇಕು ಎಂಬುದನ್ನು ಬಿಡಿಸಿದರು. ಅದರ ಹುಟ್ಟು ಕೆಲಸ ಆರ್‌ಎನ್‌ಎ ಬಿಚ್ಚುವುದು. ಗಡಿಯಾರದಲ್ಲಿ ಆ ಕೆಲಸವನ್ನು ಅದು ಮಾಡುವುದೇ ಇಲ್ಲ. ಸಡಿಲ ಎಳೆ ಅಕಾಲದಲ್ಲಿ ಹಾಳಾಗದಂತೆ ಹಿಡಿದುಕೊಂಡಿರುತ್ತದೆ, ಅಷ್ಟೇ.

ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಅಥಣಿಯ ಬಿಸಿಲು ಗಡಿಯಾರದ ಮುಂದೆ ಇನ್ನೊಂದು ಪ್ರಶ್ನೆ ಇಡುತ್ತದೆ. ಬಿಸಿ ಏರಿದರೆ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಹಾಗಿದ್ದರೆ ಬೂಷ್ಟಿನ ದಿನ ಬೇಸಿಗೆಯಲ್ಲಿ 15 ಗಂಟೆಗೆ, ಚಳಿಗಾಲದಲ್ಲಿ 30 ಗಂಟೆಗೆ ಹೋಗಬೇಕಿತ್ತು. ಹೋಗುವುದಿಲ್ಲ. 2009ರಲ್ಲಿ ಡನ್‌ಲಪ್ ಪ್ರಯೋಗಾಲಯದ ಅರುಣ್ ಮೆಹ್ರಾ ಮತ್ತಿತರರು, ಈ ಸಮತೋಲ ಕೆಟ್ಟ ಎರಡು ಹಳೆಯ ತಳಿಗಳಲ್ಲಿ ತಪ್ಪಿರುವುದು ಎಫ್‌ಆರ್‌ಕ್ಯೂಗೆ ಫಾಸ್ಫೇಟ್ ಅಂಟಿಸುವ ಮತ್ತೊಂದು ಕಿಣ್ವ, ಕೇಸಿನ್ ಕೈನೇಸ್-2 ಎಂದು ಕಂಡುಕೊಂಡರು. ಎಫ್‌ಆರ್‌ಕ್ಯೂ ಮತ್ತು ಕೇಸಿನ್ ಕೈನೇಸ್-1ರ ನಡುವಿನ ಹಿಡಿತವೂ ಬಿಸಿಲಿನ ಲೆಕ್ಕವನ್ನು ಸರಿದೂಗಿಸುತ್ತದೆ ಎಂದು ಆಮೇಲಿನ ಕೆಲಸ ತೋರಿಸಿದೆ. ಅಮೆರಿಕದ ಕಾರ್ನೆಲ್‌ನಲ್ಲಿ ಬ್ರಯನ್ ಕ್ರೇನ್ ಅವರ ತಂಡ ಇನ್ನೂ ಒಂದು ವಿಚಿತ್ರವನ್ನು ನೋಡಿದೆ. ಎಫ್‌ಆರ್‌ಕ್ಯೂ ಎಳೆಗಳು ಒಟ್ಟುಗೂಡಿ ದ್ರವದೊಳಗೇ ಪ್ರತ್ಯೇಕ ಹನಿಗಳಾಗಬಲ್ಲವು, ಆ ಹನಿಗಳು ಜೊತೆಗಾರ ಪ್ರೋಟೀನುಗಳನ್ನೂ ಒಳಗೆ ಎಳೆದುಕೊಂಡು ಕಿಣ್ವದ ವೇಗವನ್ನು ತಗ್ಗಿಸುತ್ತವೆ, ಹನಿಯಾಗುವುದು ಬಿಡುವುದು ಉಷ್ಣಾಂಶದ ಮೇಲೆ ನಿಂತಿದೆ.

ಬೂಷ್ಟಿನ ವಿಷಯ ಇಷ್ಟಾದರೆ ಕಬ್ಬಿನದೇನು? ಕಬ್ಬಿಗೂ ಗಡಿಯಾರವಿದೆ. ಬ್ರೆಜಿಲಿನ ಸಾವೊ ಪಾವ್ಲೊದಲ್ಲಿ ಕಾರ್ಲೋಸ್ ಹೊಟ್ಟಾ ಅವರ ತಂಡ 2013ರಲ್ಲಿ ಕಬ್ಬಿನ ಎಲೆಯಲ್ಲಿ ಪರೀಕ್ಷಿಸಿದ ಜೀನುಗಳ ಪೈಕಿ ಸುಮಾರು ಮೂರನೇ ಒಂದು ಪಾಲು ದಿನದ ಲಯದಲ್ಲಿ ಏರಿಳಿಯುವುದನ್ನು ಕಂಡಿತು. ಕಬ್ಬು ಸೂಲಂಗಿ ಬಿಡುವುದೂ ಹಗಲು ರಾತ್ರಿಗಳ ಉದ್ದ ಅಳೆದೇ. ಹಗಲು ಹನ್ನೆರಡೂವರೆ ಗಂಟೆಯ ಆಸುಪಾಸಿಗೆ ಇಳಿಯುವ ಕಾಲ ಅದಕ್ಕೆ ಗುರುತು. ಸೂಲಂಗಿ ಬಂದ ಕಬ್ಬು ಮುಂದೆ ಬೆಳೆಯುವುದಿಲ್ಲ, ಒಳಗೆ ಬೆಂಡಾಗುತ್ತದೆ, ತೂಕ ಹೋಗುತ್ತದೆ. ರೈತನಿಗೆ ಈ ಗಡಿಯಾರ ದುಡ್ಡಿನ ಸಂಗತಿ. ಸಸ್ಯಗಳ ಗಡಿಯಾರದಲ್ಲೂ ಸಡಿಲ ಪ್ರೋಟೀನುಗಳಿಗೆ ಕೊರತೆಯಿಲ್ಲ. ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇಎಲ್‌ಎಫ್-3 ಎಂಬ ಗಡಿಯಾರ ಪ್ರೋಟೀನಿನ ಸಡಿಲ ಭಾಗ ಬಿಸಿ ಏರಿದಾಗ ಹನಿಗಟ್ಟಿ ಕೆಲಸ ನಿಲ್ಲಿಸುತ್ತದೆ. ಗಿಡಕ್ಕೆ ಬೇಸಿಗೆ ಗೊತ್ತಾಗುವ ದಾರಿಗಳಲ್ಲಿ ಅದೂ ಒಂದು ಎಂದು ಫಿಲಿಪ್ ವಿಗ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದರು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಜೈವಿಕ ಗಡಿಯಾರದ ಅಧ್ಯಯನದಲ್ಲಿ ಒಳ್ಳೆಯ ಹೆಸರಿದೆ. ಮದುರೆಯಲ್ಲಿ ಬಾವಲಿಗಳ ಹಿಂದೆ ಗುಹೆ ಹೊಕ್ಕಿದ್ದ ಎಂ. ಕೆ. ಚಂದ್ರಶೇಖರನ್ ಮುಂದೆ ಇಲ್ಲಿಗೆ ಬಂದರು. ವಿಜಯ್ ಕುಮಾರ್ ಶರ್ಮಾ ಮುಂಜಾನೆ ಹೊರಬರುವ ಮತ್ತು ಸಂಜೆ ಹೊರಬರುವ ಹಣ್ಣುನೊಣಗಳನ್ನು ಬೇರೆ ಬೇರೆಯಾಗಿ ತಲೆಮಾರುಗಟ್ಟಲೆ ಸಾಕಿದರು. ಶೀಬಾ ವಾಸು ನೊಣದ ಮಿದುಳಿನ ಗಡಿಯಾರ ಕೋಶಗಳನ್ನು ಅಭ್ಯಾಸ ಮಾಡುತ್ತಾರೆ. ನೊಣದಲ್ಲಿ ಎಫ್‌ಆರ್‌ಕ್ಯೂ ಜಾಗದಲ್ಲಿರುವುದು ‘ಪೀರಿಯಡ್’ ಪ್ರೋಟೀನು. ಅದರ ಜೀನನ್ನು ರೊನಾಲ್ಡ್ ಕೊನೊಪ್ಕಾ ಮತ್ತು ಸೆಮೂರ್ ಬೆಂಜರ್ 1971ರಲ್ಲಿ ಗುರುತಿಸಿದ್ದರು. ಅದರ ಗುಟ್ಟು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಅಮೈನೋ ಆಮ್ಲಗಳ ಸಾಲನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬೂಷ್ಟಿನ ಎಫ್‌ಆರ್‌ಕ್ಯೂಗೂ ನಮ್ಮ ಪೀರಿಯಡ್‌ಗೂ ನಂಟು ಕಾಣುವುದಿಲ್ಲ. ಆದರೆ ಎರಡರ ಮೈಯೂ ಬಹುಪಾಲು ಸಡಿಲ, ಎರಡಕ್ಕೂ ಕಚ್ಚಿಕೊಂಡಿರುವುದು ಕೇಸಿನ್ ಕೈನೇಸ್-1. ಹೈಡೆಲ್‌ಬರ್ಗಿನವರು ಇಲಿಯಲ್ಲಿರುವ ಇದೇ ಬಳಗದ ಪ್ರೋಟೀನು ‘ಪೀರಿಯಡ್-2’ ಇಟ್ಟು ನೋಡಿದಾಗಲೂ ಅದೇ ನಿಧಾನ ಕಂಡಿತು.

ಫಾಸ್ಫೇಟ್ ಅಂಟುವ ಒಂದೇ ಜಾಗ ತಪ್ಪಿದರೂ ಮನುಷ್ಯನ ನಿದ್ದೆ ಎತ್ತಲೋ ಹೋಗುತ್ತದೆ. ಅಮೆರಿಕದ ಯೂಟಾದ ಒಂದು ಕುಟುಂಬದವರು ಸಂಜೆ ಏಳೂವರೆಗೆಲ್ಲ ಮಲಗಿ ನಸುಕಿನ ನಾಲ್ಕೂವರೆಗೆ ತಾವಾಗಿ ಏಳುತ್ತಿದ್ದರು. 2001ರಲ್ಲಿ ಲೂಯಿ ಟಾಚೆಕ್, ಯಿಂಗ್-ಹುಯಿ ಫು ಮತ್ತಿತರರು ಕಾರಣ ಹಿಡಿದರು. ಅವರ ಪೀರಿಯಡ್-2ರಲ್ಲಿ 662ನೇ ಜಾಗದ ಸೆರಿನ್ ಹೋಗಿ ಗ್ಲೈಸಿನ್ ಬಂದಿತ್ತು. ಗ್ಲೈಸಿನ್‌ಗೆ ಫಾಸ್ಫೇಟ್ ಅಂಟುವುದಿಲ್ಲ.

ಅದಕ್ಕೆ ವಿರುದ್ಧವಾದವರೂ ಇದ್ದಾರೆ. 2017ರಲ್ಲಿ ಅಲೀನಾ ಪಟ್ಕೆ, ಮೈಕೆಲ್ ಯಂಗ್ ಮೊದಲಾದವರು ವರದಿ ಮಾಡಿದ ಜೀನ್ ಬದಲಾವಣೆಯಲ್ಲಿ ‘ಕ್ರಿಪ್ಟೋಕ್ರೋಮ್-1’ ಎಂಬ ಗಡಿಯಾರ ಪ್ರೋಟೀನಿನ ಬಾಲದಿಂದ 24 ಅಮೈನೋ ಆಮ್ಲಗಳು ಬಿಟ್ಟುಹೋಗುತ್ತವೆ. ಬಾಲಕ್ಕೆ ಆಕಾರವೇನೂ ಇಲ್ಲ. ಗಟ್ಟಿ ಭಾಗವನ್ನಷ್ಟೇ ನೋಡುತ್ತಿದ್ದ ಕಾಲದಲ್ಲಿ ಯಾರೂ ಅದನ್ನು ಎಣಿಸುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಕ್ಯಾರಿ ಪಾರ್ಚ್ ಅವರ ತಂಡ 2020ರಲ್ಲಿ ಆ ಬಾಲದ ಕೆಲಸ ತೋರಿಸಿತು. ಅದು ಕ್ರಿಪ್ಟೋಕ್ರೋಮಿನ ಮೇಲೆಯೇ ಬಂದು ಒರಗಿ, ಕ್ರಿಪ್ಟೋಕ್ರೋಮ್ ತಡೆಯಬೇಕಾದ ಪ್ರೋಟೀನು ಅಲ್ಲಿ ತೀರ ಬಿಗಿಯಾಗಿ ಕೂರದಂತೆ ನೋಡಿಕೊಳ್ಳುತ್ತದೆ. 24 ಅಮೈನೋ ಆಮ್ಲ ಹೋದರೆ ಆ ಅಡ್ಡಿ ತಪ್ಪುತ್ತದೆ, ತಡೆ ಬಿಗಿಯಾಗುತ್ತದೆ, ದಿನ ಉದ್ದವಾಗುತ್ತದೆ, ನಿದ್ದೆ ಎರಡು ಗಂಟೆಗೂ ಹೆಚ್ಚು ತಡವಾಗುತ್ತದೆ. ಯುರೋಪ್ ಮೂಲದವರಲ್ಲಿ ಸುಮಾರು 75 ಮಂದಿಗೆ ಒಬ್ಬರಲ್ಲಿ ಈ ಬದಲಾವಣೆ ಇರಬಹುದೆಂಬುದು ಅವತ್ತಿನ ಅಂದಾಜು.

ಕೃಷ್ಣೆಯ ದಂಡೆಯಲ್ಲಿ ರಾತ್ರಿ ತ್ರೀಫೇಸ್ ಬಂದಾಗ ಬ್ಯಾಟರಿ ಹಿಡಿದು ನೀರು ಕಟ್ಟಲು ಹೋಗುವ ರೈತನ ಕೋಶಗಳಲ್ಲಿ ಪೀರಿಯಡ್-2 ತನ್ನ ಲೆಕ್ಕದಲ್ಲೇ ಇರುತ್ತದೆ. ಕರೆಂಟಿನ ಪಾಳಿ ಬದಲಾದ ಒಂದೆರಡು ದಿನಕ್ಕೆ ಅದು ಬದಲಾಗುವುದಿಲ್ಲ. ಹಗಲಲ್ಲೇ ವಿದ್ಯುತ್ ಕೊಡಿ ಎಂಬ ಬೇಡಿಕೆಗೆ ಹಾವು ಚೇಳಿನ ಭಯವೊಂದೇ ಕಾರಣ ಎಂದುಕೊಳ್ಳುವುದು ತಪ್ಪಾದೀತು. ಹಂಗಾಮಿನ ತಿಂಗಳುಗಳಲ್ಲಿ ಕಾರ್ಖಾನೆಯ ಮೂರು ಪಾಳಿಗಳಲ್ಲಿ ಸರದಿಯಂತೆ ದುಡಿಯುವವರ ಪಾಡೂ ಅದೇ. ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಬಹುಶಃ ಕ್ಯಾನ್ಸರಿಗೆ ಕಾರಣವಾಗುವ ಸಂಗತಿಗಳ ಸಾಲಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲಿಯೇ ಉಳಿಸಿತು. ಸಂಜೆಯೇ ಕಣ್ಣು ಕೂರುವವನೂ ನಡುರಾತ್ರಿ ಉತ್ಸಾಹ ಬರುವವನೂ ಹಾಜರಿ ಪುಸ್ತಕದಲ್ಲಿ ಒಂದೇ. ಪಾಳಿ ಹಂಚುವಾಗ ಯಾರಿಗೆ ಎಷ್ಟು ಹೊತ್ತಿಗೆ ನಿದ್ದೆ ಬರುತ್ತದೆ ಎಂದು ಕೇಳುವುದಕ್ಕೆ ಜೀನ್ ಪರೀಕ್ಷೆಯೇನೂ ಬೇಕಾಗಿಲ್ಲ, ಟೈಮ್ ಆಫೀಸಿನಲ್ಲಿ ಒಂದು ಅರ್ಜಿ ನಮೂನೆ ಇಟ್ಟರೆ ಸಾಕು.